ಸಿಪಾಯಿಯ ಸೊಂಟಕ್ಕೆ ಹುಣಸೂರಿನ ಚರ್ಮ

ನಾಗರಹೊಳೆ ಕಾಡಿನ ಅಂಚಿನಲ್ಲಿರುವ ವೀರನಹೊಸಹಳ್ಳಿಯ ಹೆಸರು ವರ್ಷಕ್ಕೊಮ್ಮೆ ಎಲ್ಲ ಪತ್ರಿಕೆಗಳಲ್ಲೂ ಬರುತ್ತದೆ. ದಸರೆಗೆ ಹೊರಡುವ ಆನೆಗಳಿಗೆ ಪೂಜೆ ಸಲ್ಲಿಸಿ ಗಜಪಯಣಕ್ಕೆ ಚಾಲನೆ ಕೊಡುವುದು ಅಲ್ಲಿ. ಉಳಿದ ದಿನಗಳಲ್ಲಿ ಸಫಾರಿಗೆ ಬರುವವರು ಹುಣಸೂರಿನಲ್ಲಿ ಕಾಫಿ ಕುಡಿದು, ಹುಲಿ ಕಾಣುತ್ತದೋ ಇಲ್ಲವೋ ಎಂದು ಮಾತಾಡಿಕೊಳ್ಳುತ್ತ ಕಾಡಿನ ದಾರಿ ಹಿಡಿಯುತ್ತಾರೆ. ಹಾಗೆ ದಾಟಿಹೋಗುವ ಈ ಹುಣಸೂರು ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಮದ್ರಾಸ್ ಸೈನ್ಯದ ದೊಡ್ಡ ಸರಬರಾಜು ಠಾಣೆಯಾಗಿತ್ತು. ಫಿರಂಗಿ ಎಳೆಯುವ ಎತ್ತು, ಗಾಡಿಗೆ ಬೇಕಾದ ಮರ, ಸಿಪಾಯಿ ಹೊದೆಯುವ ಕಂಬಳಿ, ಅವನ ಕಾಲಿನ ಬೂಟು, ಬೆನ್ನಿನ ಚೀಲ, ಸೊಂಟದ ತೋಟಾ ಚೀಲ ಎಲ್ಲವೂ ಇಲ್ಲಿ ಸಿದ್ಧವಾಗುತ್ತಿದ್ದವು. ಸರ್ಕಾರದ್ದೇ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ ಮತ್ತು ಮರದ ಅಡ್ಡೆ ಇಲ್ಲಿದ್ದವು. 1864ರಲ್ಲಿ ಅವೆಲ್ಲ ಮುಚ್ಚಿದವು.

ಬಂದೂಕು, ಪಿಸ್ತೂಲುಗಳ ಕಥೆಯನ್ನು ಹೇಳಿದವರು ಬಹಳ ಜನ. ಅವನ್ನು ಹೊತ್ತ ಚರ್ಮದ ಕಥೆ ಹೇಳಿದವರು ಕಡಿಮೆ. ಅಮೆರಿಕದ ಪಶ್ಚಿಮ ಪ್ರಾಂತ್ಯದ ಪಿಸ್ತೂಲು ಚೀಲಗಳು, ಅಂದರೆ ಹೂಬಳ್ಳಿ ಕೊರೆದು ಬೆಳ್ಳಿ, ನಿಕ್ಕಲ್ ಮೊಳೆಗಳನ್ನು ಸಾಲಾಗಿ ಕೂರಿಸಿದ ಹೋಲ್ಸ್ಟರುಗಳು, ಇಂದು ಜಗತ್ತಿನಾದ್ಯಂತ ಸಂಗ್ರಾಹಕರ ಪ್ರೀತಿಯ ವಸ್ತುಗಳು. ಅವುಗಳನ್ನು ಮಾಡಿದ ಜೀನುಗಾರರ ಹೆಸರು, ಅಂಗಡಿ, ಮುದ್ರೆ ಎಲ್ಲವೂ ಪುಸ್ತಕಗಳಲ್ಲಿ ದಾಖಲಾಗಿವೆ. ಅದಕ್ಕೂ ಮುಂಚೆಯೇ ಹುಣಸೂರಿನಲ್ಲಿ ಒಂದು ಇಡೀ ಸೈನ್ಯಕ್ಕೆ ಚರ್ಮದ ಸಾಮಾನು ಹೊಲಿದ ಕೈಗಳ ಒಂದು ಹೆಸರೂ ನಮ್ಮ ನೆನಪಿನಲ್ಲಿಲ್ಲ. ಈ ಬರಹ ಆ ಕೈಗಳ ಕುರಿತದ್ದು.

ಹುಣಸೂರಿಗೆ ಈ ಮಹತ್ವ ಬಂದದ್ದು ದನಗಳಿಂದ. ಶ್ರೀರಂಗಪಟ್ಟಣದಲ್ಲಿದ್ದ ವಿಜಯನಗರದ ಪ್ರತಿನಿಧಿಗಳ ಕಾಲದಿಂದ ಬಂದ ಹಸುಗಳ ಹಿಂಡು ಮೈಸೂರು ಒಡೆಯರ ಕೈಸೇರಿತು. 1672ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅದನ್ನು ಬೆಳೆಸಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ಮಾಡಿದರು. ಅರಮನೆಗೆ ಹಾಲು ಬೆಣ್ಣೆ ಕೊಡುವುದಕ್ಕಿದ್ದ ಈ ಹಿಂಡಿನ ಹೋರಿಗಳು ಯುದ್ಧದಲ್ಲಿ ಏನು ಮಾಡಬಲ್ಲವು ಎಂದು ಕಂಡುಕೊಂಡವನು ಹೈದರಾಲಿ. ಫಿರಂಗಿಗಳನ್ನು ಎಳೆದುಕೊಂಡು ಅವು ಓಡುತ್ತಿದ್ದ ವೇಗ ಶತ್ರುಗಳ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಟಿಪ್ಪು ಇಲಾಖೆಗೆ ‘ಅಮೃತ ಮಹಲ್’ ಎಂದು ಹೆಸರಿಟ್ಟ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದ ಆರ್ಥರ್ ವೆಲ್ಲೆಸ್ಲಿ ಮರುವರ್ಷ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಹೋದಾಗ ಈ ಎತ್ತುಗಳ ಬಲ ಕಂಡು ಮೆಚ್ಚಿಕೊಂಡ. ನಡುವೆ ಕೆಲವು ವರ್ಷ ಹಿಂಡು ಸೊರಗಿತು. 1813ರಲ್ಲಿ ಮದ್ರಾಸ್ ಸೈನ್ಯದ ಕಮಿಸರಿಯಟ್ (ಸರಬರಾಜು) ಇಲಾಖೆ ಅದನ್ನು ತನ್ನ ವಶಕ್ಕೆ ತೆಗೆದುಕೊಂಡು ಕ್ಯಾಪ್ಟನ್ ಹಾರ್ವೆ ಎಂಬಾತನಿಗೆ ವಹಿಸಿತು. ಹುಣಸೂರು ಆ ಇಲಾಖೆಯ ಕೇಂದ್ರವಾಯಿತು.

ದನ ಇದ್ದಲ್ಲಿ ಚರ್ಮ ಇರುತ್ತದೆ. ಆದರೆ ಚರ್ಮದ ಕಾರ್ಖಾನೆಗೆ ದನವೊಂದೇ ಸಾಲದು, ಹರಿಯುವ ನೀರು ಬೇಕು, ಸುಣ್ಣ ಬೇಕು, ಒಗರು ತುಂಬಿದ ತೊಗಟೆ ಬೇಕು, ಕೆಲಸ ಬಲ್ಲ ಜನ ಬೇಕು. ಹುಣಸೂರಿನ ಮಗ್ಗುಲಲ್ಲೇ ಲಕ್ಷ್ಮಣತೀರ್ಥ ಹರಿಯುತ್ತದೆ. ಪಶ್ಚಿಮಕ್ಕೂ ದಕ್ಷಿಣಕ್ಕೂ ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕಾಡು. ಮೈಸೂರಿನಿಂದ ಬರುವ ಹೆದ್ದಾರಿ ಇಲ್ಲಿ ಕವಲೊಡೆದು ಒಂದು ಮಡಿಕೇರಿಗೂ ಇನ್ನೊಂದು ಕಣ್ಣಾನೂರಿಗೂ ಹೋಗುತ್ತಿತ್ತು. ಕಣ್ಣಾನೂರು ಸೈನ್ಯದ ಠಾಣೆ, ಸಮುದ್ರದ ಬಾಗಿಲು. 1834ರಲ್ಲಿ ಕೊಡಗು ಈಸ್ಟ್ ಇಂಡಿಯಾ ಕಂಪನಿಯ ವಶವಾದ ಮೇಲೆ ಮಡಿಕೇರಿಯೂ ಸೈನ್ಯದ ಠಾಣೆಯಾಯಿತು. ಈ ಊರನ್ನು ಆರಿಸಿದವರು ನಕ್ಷೆ ಮುಂದಿಟ್ಟುಕೊಂಡು ಯೋಚಿಸಿಯೇ ಆರಿಸಿದ್ದಾರೆ ಎಂದು ನನಗನ್ನಿಸುತ್ತದೆ.

ಕೆಲಸ ಬಲ್ಲ ಜನರೂ ಇದ್ದರು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಾದಿಗ ಸಮುದಾಯದವರು ಆಡು ಕುರಿಯ ತೊಗಲನ್ನು ಹೇಗೆ ಹದಮಾಡುತ್ತಾರೆ ಎಂಬುದನ್ನು ವಿವರವಾಗಿ ಬರೆದಿದ್ದಾನೆ. ತೊಗಲನ್ನು ತೊಳೆದು, ಎಕ್ಕದ ಗಿಡದ ಹಾಲು, ಉಪ್ಪು, ರಾಗಿ ಸಂಗಟಿ ಕಲಸಿದ ಲೇಪ ಹಚ್ಚುತ್ತಿದ್ದರು. ಆಮೇಲೆ ತಂಗಡಿ ತೊಗಟೆಯ ಕಷಾಯ. ಹೊಲದ ಬದುವಿನಲ್ಲಿ ಬೆಳೆಯುವ, ಹಳದಿ ಹೂವಿನ ಆ ತಂಗಡಿ ಗಿಡದ ತೊಗಟೆ ದಕ್ಷಿಣ ಭಾರತದ ಚರ್ಮೋದ್ಯಮದ ಬೆನ್ನೆಲುಬಾಗಿತ್ತು. ಮದ್ರಾಸಿನಿಂದ ಲಂಡನ್ನಿಗೆ ಹೋಗುತ್ತಿದ್ದ ಅರೆಹದದ ತೊಗಲಿಗೆ ಆ ಹೊಳಪು, ಆ ತಿಳಿಬಣ್ಣ ಕೊಟ್ಟದ್ದು ಅದೇ ತೊಗಟೆ. ಅದರ ಜೊತೆಗೆ ಅಳಲೆಕಾಯಿ. ದಪ್ಪ ಎತ್ತಿನ, ಎಮ್ಮೆಯ ಚರ್ಮಕ್ಕಾದರೆ ಮೊದಲು ಸುಣ್ಣದ ಗುಂಡಿ. ಸುಣ್ಣದ ನೀರಿನಲ್ಲಿ ದಿನಗಟ್ಟಲೆ ನೆನೆದ ಮೇಲೆ ಕೂದಲು ಸಡಿಲವಾಗುತ್ತದೆ. ಕೂದಲು ಹೆರೆದು, ಒಳಮಗ್ಗುಲಿನ ಮಾಂಸ ಕೆರೆದು, ಸುಣ್ಣ ಪೂರ್ತಿ ಹೋಗುವ ತನಕ ತೊಳೆದು, ತೆಳು ಕಷಾಯದ ಗುಂಡಿಯಿಂದ ಗಟ್ಟಿ ಕಷಾಯದ ಗುಂಡಿಗೆ ಒಂದೊಂದೇ ಹೆಜ್ಜೆ ದಾಟಿಸಬೇಕು. ಮೊದಲೇ ಗಟ್ಟಿ ಕಷಾಯಕ್ಕೆ ಹಾಕಿದರೆ ಹೊರಮೈ ಮಾತ್ರ ಹದಗೊಂಡು ಒಳಗು ಹಸಿಯಾಗಿಯೇ ಉಳಿದು ಕೊಳೆಯುತ್ತದೆ. ಕೊನೆಗೆ ಎಣ್ಣೆ ಕೊಬ್ಬು ತಿಕ್ಕಿ ನೆರಳಲ್ಲಿ ಒಣಗಿಸಬೇಕು. ದಪ್ಪ ಚರ್ಮಕ್ಕೆ ತಿಂಗಳುಗಳೇ ಹಿಡಿಯುವ ಕೆಲಸ ಇದು. ದುರ್ವಾಸನೆಯಲ್ಲಿ ನಿಂತು, ಸುಣ್ಣ ತಿಂದ ಕೈಗಳಲ್ಲಿ ಮಾಡುವ ಕೆಲಸ.

ಹೀಗೆ ತೊಗಟೆಯಲ್ಲಿ ಹದವಾದ ಚರ್ಮಕ್ಕೆ ಒಂದು ಗುಣವಿದೆ. ನೀರು ಕುಡಿಸಿದರೆ ಅದು ಮೆತ್ತಗಾಗಿ ಹೇಳಿದಂತೆ ಬಾಗುತ್ತದೆ, ಒಣಗಿದ ಮೇಲೆ ಬಾಗಿದ ಆಕಾರದಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ. ಅದರ ಮೇಲೆ ಉಳಿಯಿಂದ ಕೊರೆದ ಗೆರೆ, ಒತ್ತಿದ ಅಚ್ಚು ಅಳಿಸುವುದಿಲ್ಲ. ಪಿಸ್ತೂಲಿನ ಒರೆಗೆ ಬೇಕಾದದ್ದು ಈ ಗುಣವೇ. ಒರೆಯನ್ನು ಹೊಲಿದು, ಒದ್ದೆಮಾಡಿ, ಪಿಸ್ತೂಲಿಗೆ ಎಣ್ಣೆಬಟ್ಟೆ ಸುತ್ತಿ ಒಳಗಿಟ್ಟು, ಬೆರಳಿನಿಂದ ಒತ್ತಿ ಒತ್ತಿ ಆಕಾರ ಕೂರಿಸಿ ಒಣಗಿಸುತ್ತಾರೆ. ಹಾಗೆ ಮಾಡಿದ ಒರೆಗೆ ಗುಂಡಿ, ಪಟ್ಟಿ ಇಲ್ಲದಿದ್ದರೂ ಪಿಸ್ತೂಲು ಕುದುರೆಯ ಓಟದಲ್ಲಿ ಜಾರುವುದಿಲ್ಲ. ಇಂದು ಅಮೆರಿಕದಲ್ಲಿ ಹವ್ಯಾಸಕ್ಕೆ ಹೋಲ್ಸ್ಟರ್ ಮಾಡುವವರೂ ಇದೇ ವಿಧಾನ ಅನುಸರಿಸುತ್ತಾರೆ. ಕ್ರೋಮ್ ಉಪ್ಪಿನಲ್ಲಿ ಒಂದೇ ದಿನದಲ್ಲಿ ಹದವಾಗುವ ಈಗಿನ ಮೆದು ಚರ್ಮ ಈ ಕೆಲಸಕ್ಕೆ ಒಗ್ಗುವುದಿಲ್ಲ.

ಹುಣಸೂರಿನ ಕಾರ್ಖಾನೆಯ ಮೊದಲ ದಿನಗಳಲ್ಲಿ ಪಿಸ್ತೂಲಿನ ಜಾಗ ಇನ್ನೂ ಸವಾರನ ಸೊಂಟದಲ್ಲಿರಲಿಲ್ಲ. ಒಂದು ಸಲ ಹೊಡೆದರೆ ಮತ್ತೆ ಮದ್ದು ಗುಂಡು ತುಂಬಬೇಕಾದ ಉದ್ದನೆಯ, ಭಾರದ ಪಿಸ್ತೂಲುಗಳವು. ಅದಕ್ಕೇ ಜೋಡಿಯಾಗಿ ಇಟ್ಟುಕೊಳ್ಳುತ್ತಿದ್ದರು. ಜೀನಿನ ಮುಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಚರ್ಮದ ಕೊಳವೆ ತೂಗುತ್ತಿತ್ತು. ಟಿಪ್ಪುವಿನ ಶ್ರೀರಂಗಪಟ್ಟಣದ ಕಾರ್ಖಾನೆಯಲ್ಲಿ ಆದ ಒಂದು ಜೋಡಿ ಪಿಸ್ತೂಲು 2015ರಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿಗೆ ಬಂದಿತ್ತು. ಒಂದರ ಚಾಪು (ಕಿಡಿ ಹೊಡೆಯುವ ಭಾಗ) ಬಲಕ್ಕೆ, ಇನ್ನೊಂದರದ್ದು ಎಡಕ್ಕೆ, ಒಂದು ಇನ್ನೊಂದರ ಕನ್ನಡಿಬಿಂಬ. ಅಷ್ಟು ಅಚ್ಚುಕಟ್ಟಾದ ಜೋಡಿಯನ್ನು ಹೊತ್ತ ಚರ್ಮದ ಒರೆ ಹೇಗಿತ್ತೋ ಎಂಬ ಯೋಚನೆ ನನ್ನನ್ನು ಬಿಟ್ಟಿಲ್ಲ. ಮೈಸೂರಿನ ಪ್ರಸಿದ್ಧ ಯುದ್ಧ ರಾಕೆಟ್ಟುಗಳ ಕಬ್ಬಿಣದ ಕೊಳವೆಯನ್ನು ಬಿದಿರಿಗೆ ಬಿಗಿದದ್ದೂ ಚರ್ಮದ ಪಟ್ಟಿಗಳೇ. ಕಬ್ಬಿಣದ ಬಗ್ಗೆ ಎಷ್ಟೋ ಪುಟ ಬರೆದಿದ್ದಾರೆ, ಆ ಪಟ್ಟಿ ಸೀಳಿ ಕೊಟ್ಟವನ ಬಗ್ಗೆ ಒಂದು ಸಾಲೂ ಇಲ್ಲ.

1807ರ ಒಪ್ಪಂದದಂತೆ ಮೈಸೂರು ಸಂಸ್ಥಾನ 4,000 ಕುದುರೆ ಸವಾರರನ್ನು ಸದಾ ಸಿದ್ಧವಾಗಿ ಇಡಬೇಕಿತ್ತು. ಇವರು ಸಿಲ್ಹೇದಾರರು. ಸವಾರನೇ ತನ್ನ ಕುದುರೆ, ತನ್ನ ಆಯುಧ, ತನ್ನ ಜೀನು ತರಬೇಕು. ಹಾಗಾಗಿ ಹಳ್ಳಿ ಪೇಟೆಗಳ ಚರ್ಮದ ಕೆಲಸಗಾರನಿಗೆ ಕೆಲಸ ತಪ್ಪುತ್ತಿರಲಿಲ್ಲ. ಅಲಂಕಾರವೂ ಅಲ್ಲೇ ಬಂತು. ಸವಾರನ ಗತ್ತು ಕಾಣುವುದು ಕುದುರೆಯ ಮೈಮೇಲೆ. ಕಿವಿಯ ಬಳಿ ಕುಚ್ಚು, ಎದೆಪಟ್ಟಿಗೆ ಹಿತ್ತಾಳೆಯ ಗುಂಡುಮೊಳೆ, ಜೀನಿನ ಅಂಚಿಗೆ ಬಣ್ಣದ ಹೊಲಿಗೆ. ನಮ್ಮ ಜಾತ್ರೆಗಳಲ್ಲಿ ಎತ್ತುಗಳ ಕೊರಳಿಗೆ ಕಟ್ಟುವ ಗೆಜ್ಜೆಪಟ್ಟಿಯನ್ನು ನೋಡಿದವರಿಗೆ ಈ ಅಲಂಕಾರದ ಮನಸ್ಸು ಹೊಸದಲ್ಲ. ಮೊಳೆ ಅಂದಕ್ಕಷ್ಟೇ ಅಲ್ಲ. ಎರಡು ಪದರ ಚರ್ಮ ಸೇರುವಲ್ಲಿ, ಉಜ್ಜಾಟ ಹೆಚ್ಚಿರುವಲ್ಲಿ ಅದು ಪಟ್ಟಿಯನ್ನು ಕಾಯುತ್ತದೆ.

ಸೈನ್ಯದ ಸಾಮಾನಿಗೆ ಅಲಂಕಾರ ಬೇಕಿರಲಿಲ್ಲ, ಒಂದೇ ಅಳತೆ ಬೇಕಿತ್ತು. ಹುಣಸೂರಿನ ಕಾರ್ಖಾನೆ ಕಲಿಸಿದ್ದು ಇದನ್ನು. ಹಳ್ಳಿಯಲ್ಲಿ ಒಬ್ಬರ ಕಾಲಿಗೆ ಒಂದು ಮೆಟ್ಟು ಹೊಲಿಯುತ್ತಿದ್ದವರು ಇಲ್ಲಿ ಮಾದರಿ ಇಟ್ಟು ನೂರಾರು ತೋಟಾ ಚೀಲಗಳನ್ನು ಒಂದೇ ರೀತಿ ಕತ್ತರಿಸಿ, ಮೇಣ ಸವರಿದ ದಾರದಲ್ಲಿ ಎರಡು ಸೂಜಿಯ ಹೊಲಿಗೆ ಹಾಕಿ, ಹಿತ್ತಾಳೆಯ ಬಕಲು ಕೂರಿಸಿ ಕೊಡಬೇಕಾಯಿತು. ಮಳೆಯಲ್ಲಿ ಮದ್ದು ನೆನೆದರೆ ಸಿಪಾಯಿಯ ಜೀವ ಹೋಗುತ್ತದೆ, ಆದ್ದರಿಂದ ಚೀಲದ ಮುಚ್ಚಳ ಎಷ್ಟು ಇಳಿಬೀಳಬೇಕು ಎಂಬುದಕ್ಕೂ ಅಳತೆ ಇರುತ್ತಿತ್ತು. ಎದೆಯ ಮೇಲೆ ಅಡ್ಡ ಹಾಯುವ ಪಟ್ಟಿ, ಸೊಂಟಪಟ್ಟಿ, ಬಾಯ್ನೆಟ್ಟಿನ ಒರೆ, ಬೆನ್ನುಚೀಲ: ಆ ಕಾಲದ ಕಾಲಾಳು ಹೆಗಲಿನಿಂದ ಕಾಲಿನವರೆಗೆ ಚರ್ಮವನ್ನು ಹೊತ್ತಿರುತ್ತಿದ್ದ.

ಚರ್ಮ ಆ ಸೈನ್ಯದಲ್ಲಿ ಬರಿಯ ಸಾಮಾನಾಗಿರಲಿಲ್ಲ, ಕಿಡಿಯೂ ಆಗಿತ್ತು. 1806ರ ಜುಲೈ 10ರಂದು ವೆಲ್ಲೂರಿನ ಕೋಟೆಯಲ್ಲಿ ಮದ್ರಾಸ್ ಸೈನ್ಯದ ಸಿಪಾಯಿಗಳು ದಂಗೆ ಎದ್ದರು. ಟಿಪ್ಪುವಿನ ಮಕ್ಕಳು ಅದೇ ಕೋಟೆಯಲ್ಲಿದ್ದರು. ದಂಗೆಗೆ ಮುಖ್ಯ ಕಾರಣಗಳಲ್ಲಿ ಒಂದು ಹೊಸ ಟೋಪಿಗೆ ಸಿಕ್ಕಿಸಿದ ಚರ್ಮದ ತುರಾಯಿ. ತಲೆಯ ಮೇಲೆ ಚರ್ಮ ಬರುವುದನ್ನು ಅವರು ಸಹಿಸಲಿಲ್ಲ. ಸೊಂಟದಲ್ಲಿ, ಕಾಲಲ್ಲಿ ಚರ್ಮ ಸೈ, ತಲೆಯ ಮೇಲೆ ಬೇಡ. ಚರ್ಮಕ್ಕೇ ಇಷ್ಟು ಕಟ್ಟಳೆಯಿದ್ದ ಸಮಾಜದಲ್ಲಿ ಚರ್ಮ ಹದಮಾಡಿದವನಿಗೆ ಊರಿನೊಳಗೆ ಜಾಗವಿರಲಿಲ್ಲ. ಅವನು ಹೊಲಿದ ಪಟ್ಟಿ ಬಿಗಿದುಕೊಂಡವನು ವೀರನೆನಿಸಿಕೊಂಡ, ಹೊಲಿದವನು ಹೊರಗುಳಿದ. ಹನ್ನೆರಡನೆಯ ಶತಮಾನದಲ್ಲಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಹರಳಯ್ಯನವರನ್ನು ಶರಣರೆಂದು ಎದುರುಗೊಂಡ ನಾಡು, ಹತ್ತೊಂಬತ್ತನೆಯ ಶತಮಾನದಲ್ಲಿ ಅವರ ಕಸುಬಿನವರ ಹೆಸರನ್ನು ಲೆಕ್ಕದ ಪುಸ್ತಕದಿಂದಾಚೆ ಉಳಿಸಿಕೊಳ್ಳಲಿಲ್ಲ. ಇದನ್ನು ಅನ್ಯಾಯವೆಂದೇ ಕರೆಯಬೇಕು.

ಹುಣಸೂರಿನಲ್ಲಿ ಸುಣ್ಣದ ಗುಂಡಿಗಳು ತುಂಬಿದ್ದ ಅದೇ ದಶಕಗಳಲ್ಲಿ ಜಗತ್ತಿನ ಆ ಬದಿಯಲ್ಲಿ ಪಿಸ್ತೂಲಿನ ಸ್ವರೂಪವೇ ಬದಲಾಯಿತು. 1836ರಲ್ಲಿ ಸ್ಯಾಮ್ಯುಯೆಲ್ ಕೋಲ್ಟ್ ಅಮೆರಿಕದಲ್ಲಿ ತಿರುಗುವ ಗೂಡಿನ ಪಿಸ್ತೂಲಿಗೆ ಪೇಟೆಂಟ್ ಪಡೆದ. ಒಮ್ಮೆ ತುಂಬಿದರೆ ಸಾಲಾಗಿ ಹಲವು ಸಲ ಹೊಡೆಯಬಹುದು ಎಂದಾದ ಮೇಲೆ ಎರಡು ಭಾರದ ಪಿಸ್ತೂಲು ಹೊರುವ ಅಗತ್ಯ ತಪ್ಪಿತು. 1851ರ ‘ನೇವಿ’ ಮಾದರಿ ಸೊಂಟಕ್ಕೆ ಕಟ್ಟಿಕೊಳ್ಳುವಷ್ಟು ಹಗುರವಾಗಿತ್ತು. ಜೀನಿನಿಂದ ಸೊಂಟಕ್ಕೆ ಒರೆ ಬಂದದ್ದು ಹೀಗೆ. 1861ರಿಂದ 1865ರ ಅಂತರ್ಯುದ್ಧದಲ್ಲಿ ಸೈನಿಕರು ಕಟ್ಟಿಕೊಂಡದ್ದು ಮುಚ್ಚಳವಿರುವ ಕಪ್ಪು ಒರೆ. ಯುದ್ಧ ಮುಗಿದು ದನ ಕಾಯುವ, ದನ ಸಾಗಿಸುವ ಕೆಲಸಕ್ಕೆ ಹೋದವರಿಗೆ ಆ ಮುಚ್ಚಳ ಅಡ್ಡಿಯಾಯಿತು. 1870ರ ದಶಕದಲ್ಲಿ ಹಿತ್ತಾಳೆಯ ತೋಟಾಗಳು ಬಂದವು, ಅವನ್ನು ಸಿಕ್ಕಿಸಲು ಪಟ್ಟಿಯ ಉದ್ದಕ್ಕೂ ಚರ್ಮದ ಕುಣಿಕೆಗಳು ಬಂದವು, ಹಿಂದಿನ ಚರ್ಮದಲ್ಲೇ ಸೀಳು ಮಾಡಿ ಒರೆಯನ್ನು ತೂರಿಸುವ ‘ಮೆಕ್ಸಿಕನ್’ ಮಾದರಿ ಹಬ್ಬಿತು. ವಯೋಮಿಂಗಿನ ಶಾಯೆನ್ ಪಟ್ಟಣದ ಫ್ರಾಂಕ್ ಮೀನಿಯಾನಂಥ ಜೀನುಗಾರರು ಒರೆಯ ಮೇಲೆ ತಮ್ಮ ಹೆಸರಿನ ಅಚ್ಚು ಒತ್ತಿದರು. ಆ ಅಚ್ಚಿನಿಂದಾಗಿಯೇ ಇಂದು ಸಂಗ್ರಾಹಕರು ಅವುಗಳಿಗೆ ದೊಡ್ಡ ಬೆಲೆ ಕೊಡುತ್ತಾರೆ.

ಒಂದು ವಿಷಯ ಗಮನಿಸಬೇಕು. ಅಮೆರಿಕದ ಪಶ್ಚಿಮದಲ್ಲಿ ಹೋಲ್ಸ್ಟರ್ ಬೆಳೆದದ್ದು ದನಗಳ ಸುತ್ತ, ಜೀನುಗಾರನ ಅಂಗಡಿಯಲ್ಲಿ. ಹುಣಸೂರಿನ ಚರ್ಮದ ಕಸುಬು ಬೆಳೆದದ್ದೂ ದನಗಳ ಸುತ್ತಲೇ. ಅಲ್ಲಿ ಜೀನುಗಾರ ಸ್ವತಂತ್ರ ವ್ಯಾಪಾರಿಯಾಗಿದ್ದ, ಗಿರಾಕಿಯ ಹೆಸರನ್ನೋ ಹೂಬಳ್ಳಿಯನ್ನೋ ಕೊರೆದುಕೊಡುತ್ತಿದ್ದ, ಅವನ ಅಂಗಡಿಗೆ ಫಲಕವಿತ್ತು. ಇಲ್ಲಿ ಕೆಲಸಗಾರ ಸರ್ಕಾರದ ಕೂಲಿ. ಹೆಸರು ಉಳಿಯುವುದಕ್ಕೂ ಅಳಿಯುವುದಕ್ಕೂ ಈ ವ್ಯತ್ಯಾಸವೇ ಕಾರಣವಾಯಿತು. ಕೈಚಳಕದಲ್ಲಿ ಅವರು ಹೆಚ್ಚು ಇವರು ಕಡಿಮೆ ಎನ್ನುವುದಕ್ಕೆ ಆಧಾರವಿಲ್ಲ.

ಹುಣಸೂರಿನ ಅಂತ್ಯ ಹಣದ ಲೆಕ್ಕದಿಂದ ಬಂತು. 1857ರ ದಂಗೆಯ ನಂತರ ಸರ್ಕಾರ ಸಾಲದಲ್ಲಿ ಮುಳುಗಿತ್ತು. 1860ರಲ್ಲಿ ಮದ್ರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲ್ಯಾನ್ ಖರ್ಚು ಉಳಿಸಲು ಅಮೃತ ಮಹಲನ್ನೇ ವಿಸರ್ಜಿಸಿದ. ತಲೆಮಾರುಗಳಿಂದ ಶುದ್ಧವಾಗಿ ಕಾಪಾಡಿದ ಹಿಂಡು ಹರಾಜಾಯಿತು, ಈಜಿಪ್ಟಿನ ಪಾಷಾ ಕೂಡ ಬಹಳಷ್ಟು ದನಗಳನ್ನು ಕೊಂಡ. ಎತ್ತು ಸಿಗದೆ ಸೈನ್ಯ ಪರದಾಡಿದ ಮೇಲೆ 1866ರಲ್ಲಿ ಉಳಿದವನ್ನು ಕಷ್ಟಪಟ್ಟು ಕೂಡಿಸಿ ಇಲಾಖೆಯನ್ನು ಮತ್ತೆ ಆರಂಭಿಸಿದರು. 1882ರಲ್ಲಿ ಅದು ಮೈಸೂರು ಸಂಸ್ಥಾನದ ಕೈಗೆ ಬಂತು. ಆದರೆ 1864ರಲ್ಲಿ ಮುಚ್ಚಿದ ಚರ್ಮದ ಕಾರ್ಖಾನೆ, ಕಂಬಳಿ ಕಾರ್ಖಾನೆಗಳು ಮತ್ತೆ ತೆರೆಯಲಿಲ್ಲ. ಅದೇ ಕಾಲದಲ್ಲಿ ಉತ್ತರದ ಕಾನ್ಪುರದಲ್ಲಿ ಸೈನ್ಯದ ಜೀನು, ಲಗಾಮು, ಬೂಟುಗಳ ಕಾರ್ಖಾನೆಗಳು ಬೆಳೆದವು. ಸೈನ್ಯಕ್ಕೆ ಚರ್ಮದ ಸಾಮಾನು ಎಂದರೆ ಕಾನ್ಪುರ ಎಂದಾಯಿತು.

ಕಾರ್ಖಾನೆ ಮುಚ್ಚಿದರೂ ಕಸುಬು ಸಾಯಲಿಲ್ಲ. ಮುಂದಿನ ಹಲವು ದಶಕಗಳ ಗೆಝೆಟಿಯರುಗಳು ಹುಣಸೂರಿನ ಬಗ್ಗೆ ಇದನ್ನೇ ಹೇಳುತ್ತವೆ. ಸರ್ಕಾರಿ ಕಾರ್ಖಾನೆಗಳು ಹೋದರೂ ಅವುಗಳ ಪ್ರಭಾವ ಉಳಿದಿತ್ತು. ಇಲ್ಲಿನ ಬೂಟು, ಚೀಲ, ಬೆನ್ನುಚೀಲಗಳು ಬೇರೆ ಕಡೆಯವಕ್ಕಿಂತ ಮೇಲಾಗಿದ್ದವು. ಮೆರಿನೋ ಬೆರೆತ ಕುರಿಗಳ ಉಣ್ಣೆಯಿಂದ ಒಳ್ಳೆಯ ಕಂಬಳಿ ನೇಯುತ್ತಿದ್ದರು. ಗಟ್ಟಿಮುಟ್ಟಾದ ಗಾಡಿಗಳು ಇಲ್ಲಿ ಸಿಗುತ್ತಿದ್ದವು. ಕಾರ್ಖಾನೆಯಲ್ಲಿ ಕಲಿತದ್ದನ್ನು ಜನ ಮನೆಗೆ ತೆಗೆದುಕೊಂಡು ಹೋಗಿ, ಮಕ್ಕಳಿಗೆ ಕಲಿಸಿ, ಸಂತೆಯಲ್ಲಿ ಮಾರಿದರು. ಸರ್ಕಾರ ಬಿಟ್ಟುಹೋದ ಅಳತೆಯನ್ನು ಅವರು ಬಿಡಲಿಲ್ಲ. ನನಗೆ ಈ ಇಡೀ ಇತಿಹಾಸದಲ್ಲಿ ಅತ್ಯಂತ ದೊಡ್ಡದೆನಿಸುವ ಸಂಗತಿ ಇದು.

ಗಿರಾಕಿಗಳೂ ದೂರವಿರಲಿಲ್ಲ. ಕೊಡಗಿನ ಕಾಫಿ ಹುಣಸೂರಿಗೆ ಬಂದು ಸಂಸ್ಕರಣೆಯಾಗುತ್ತಿತ್ತು, ತೋಟದ ದೊರೆಗಳು ಈ ದಾರಿಯಲ್ಲೇ ಓಡಾಡುತ್ತಿದ್ದರು. ಹೆಗ್ಗಡದೇವನಕೋಟೆಯ ಕಾಕನಕೋಟೆ ಕಾಡು ಆನೆ ಹಿಡಿಯುವ ಖೆಡ್ಡಾದಿಂದ ಹೆಸರಾಯಿತು. ಮೈಸೂರಿನಲ್ಲಿ ಖೆಡ್ಡಾ ಆರಂಭಿಸಿದ ಜಿ. ಪಿ. ಸ್ಯಾಂಡರ್ಸನ್ 1878ರಲ್ಲಿ ತನ್ನ ಅನುಭವಗಳ ಪುಸ್ತಕ ಪ್ರಕಟಿಸಿದ. ಬೇಟೆಯ ಕಾಲ ಅದು. ಪಕ್ಕದ ಕೊಡಗಿನಲ್ಲಂತೂ ಆಯುಧ ಮನೆಮನೆಯ ಮಾತು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಆಯುಧ ಕಾನೂನಿನಿಂದ ವಿನಾಯಿತಿ ಘೋಷಿಸಿದ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಕೊಡವರ ಒಡಿಕತ್ತಿ ಬೆನ್ನ ಹಿಂದೆ ಸೊಂಟಪಟ್ಟಿಗೆ ಬಿಗಿದ ‘ತೊಡಂಗ್’ ಎಂಬ ಲೋಹದ ಹಿಡಿಕೆಯಲ್ಲಿ ಕೂರುತ್ತದೆ, ಮುಂದೆ ಬೆಳ್ಳಿಯ ಕುಸುರಿಯ ಪೀಚೆಕತ್ತಿ. ಆಯುಧವನ್ನು ಹೊರುವ ಸಾಧನಕ್ಕೂ ಆಯುಧದಷ್ಟೇ ಅಂದ ಬೇಕು ಎಂಬ ಅಭಿಮಾನ ನಮ್ಮ ನೆರೆಯಲ್ಲೇ, ಟೆಕ್ಸಾಸಿನ ಹೆಸರು ಕೇಳುವುದಕ್ಕೆ ಬಹಳ ಮುಂಚೆಯೇ ಇತ್ತು.

ಸೊಂಟದ ಒರೆಯ ಇತಿಹಾಸದಲ್ಲಿ ಭಾರತದ್ದೇ ಒಂದು ದೊಡ್ಡ ಅಧ್ಯಾಯವಿದೆ. 1858ರ ಆಗಸ್ಟ್ 31ರಂದು ಪಿಲಿಭಿತ್ ಬಳಿಯ ಕಾಳಗದಲ್ಲಿ ಸ್ಯಾಮ್ ಬ್ರೌನ್ ಎಂಬ ಅಶ್ವದಳದ ಅಧಿಕಾರಿ ಎಡಗೈ ಕಳೆದುಕೊಂಡ. ಒಂದೇ ಕೈಯಲ್ಲಿ ಕತ್ತಿ ಹಿರಿಯಬೇಕೆಂದರೆ ಒರೆಯನ್ನು ಹಿಡಿದುಕೊಳ್ಳಲು ಇನ್ನೊಂದು ಕೈಯಿಲ್ಲ. ಆತ ಬಲಹೆಗಲಿನಿಂದ ಅಡ್ಡಪಟ್ಟಿ ಇಳಿಸಿ ಸೊಂಟಪಟ್ಟಿಗೆ ಜೋಡಿಸಿ, ಕತ್ತಿಯ ಒರೆಯೂ ಪಿಸ್ತೂಲಿನ ಒರೆಯೂ ಅಲುಗದಂತೆ ಮಾಡಿಕೊಂಡ. ಜೊತೆಯವರು ಅದನ್ನು ನೋಡಿ ಮಾಡಿಸಿಕೊಂಡರು, ಕೊನೆಗೆ ಅದು ಜಗತ್ತಿನ ಎಷ್ಟೋ ಸೈನ್ಯಗಳ ಅಧಿಕಾರಿಗಳ ಗುರುತಾಯಿತು. ನಮ್ಮ ಪೊಲೀಸ್ ಅಧಿಕಾರಿಗಳು ಪರೇಡಿನಲ್ಲಿ ಧರಿಸುವ ಕಂದು ಅಡ್ಡಪಟ್ಟಿ ಅದೇ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆ ಹೈಫಾ ಪಟ್ಟಣಕ್ಕೆ ನುಗ್ಗಿದ ಮೈಸೂರು ಲ್ಯಾನ್ಸರ್ಸ್ ದಳದ ಕಾಲಕ್ಕೆ ಜೀನಿನ ಮುಂದಿನ ಜೋಡಿ ಪಿಸ್ತೂಲುಗಳ ಯುಗ ಮುಗಿದೇಹೋಗಿತ್ತು.

ಮೊಳೆ ಬಡಿದ, ಬೆಳ್ಳಿ ಹೊದಿಸಿದ ‘ಪಶ್ಚಿಮದ’ ಹೋಲ್ಸ್ಟರ್ ಎಂದು ನಾವಿಂದು ಗುರುತಿಸುವುದು ಬಹುಮಟ್ಟಿಗೆ ಸಿನಿಮಾದ ಕೂಸು. ನಿಜವಾದ ದನಗಾಹಿಯ ಒರೆ ಹೆಚ್ಚಾಗಿ ಸರಳ, ಬೆವರು ಕುಡಿದ ಚರ್ಮ. ಹಾಲಿವುಡ್ ಬಂದ ಮೇಲೆ ಸ್ವೀಡನ್ನಿನಿಂದ ವಲಸೆ ಬಂದ ಎಡ್ವರ್ಡ್ ಬೋಲಿನ್ ಟಾಮ್ ಮಿಕ್ಸ್‌ನಂಥ ನಟರಿಗೆ ಬೆಳ್ಳಿಯ ಜೀನು, ಬೆಳ್ಳಿಯ ಪಟ್ಟಿ ಮಾಡಿಕೊಟ್ಟ. ಟೆಕ್ಸಾಸಿನ ಎಲ್ ಪಾಸೋದಲ್ಲಿ ಸ್ಯಾಮ್ ಮೈರ್ಸ್, ಸೀಳಿನಿಂದ ಒರೆ ತೂಗುವ ಅಗಲಪಟ್ಟಿಗೆ ಹೆಸರಾದ. 1950ರ ದಶಕದಲ್ಲಿ ಅಮೆರಿಕದ ಟಿ.ವಿ. ಧಾರಾವಾಹಿಗಳ ವೀರರ ಹೆಸರಿನಲ್ಲಿ ಮಕ್ಕಳ ಆಟಿಕೆ ಒರೆಗಳು ಲಕ್ಷಗಟ್ಟಲೆ ಮಾರಾಟವಾದವು. ಬಣ್ಣದ ಗಾಜಿನ ಹರಳು, ಗುಂಡುಮೊಳೆ, ಕುಚ್ಚು ತುಂಬಿದ ಆ ಆಟಿಕೆಗಳನ್ನೂ ಈಗ ಸಂಗ್ರಾಹಕರು ಹುಡುಕುತ್ತಾರೆ.

ಆ ಸಿನಿಮಾದ ಗಾಳಿ ನಮ್ಮ ಕಲ್ಲುಬೆಟ್ಟಗಳಿಗೂ ಬೀಸಿತು. 1975ರ ಆಗಸ್ಟ್ 15ರಂದು ತೆರೆಕಂಡ ‘ಶೋಲೆ’ಯ ರಾಮಗಢ ಎದ್ದು ನಿಂತದ್ದು ರಾಮನಗರದ ರಾಮದೇವರ ಬೆಟ್ಟದ ಬಳಿ. ಬಂಡೆಯ ಮೇಲೆ ಪಟ್ಟಿಯನ್ನು ಎಳೆಯುತ್ತ ನಡೆಯುವ ಗಬ್ಬರ್ ಸಿಂಗನ ದೃಶ್ಯ ನೆನಪಿಲ್ಲದವರು ಯಾರು? ಮುಖ ಕಾಣುವ ಮೊದಲು ಕಿವಿಗೆ ಬೀಳುವುದು ಆ ಪಟ್ಟಿಯ ಸದ್ದು. ಅದಕ್ಕೂ ಮುಂಚೆ, 1972ರಲ್ಲಿ, ರಾಜ್‌ಕುಮಾರ್ ‘ಸಿಪಾಯಿ ರಾಮು’ ಚಿತ್ರದಲ್ಲಿ ಬಂದೂಕು ಹಿಡಿದು ಕಣಿವೆಗಿಳಿದಿದ್ದರು. ಕನ್ನಡದ ಮಕ್ಕಳು ದಸರೆ ವಸ್ತುಪ್ರದರ್ಶನದಲ್ಲಿ ಕೇಪಿನ ಪಿಸ್ತೂಲು ಕೊಂಡು ಚಡ್ಡಿಯ ಸೊಂಟಕ್ಕೆ ಸಿಕ್ಕಿಸಿಕೊಂಡ ಕಾಲ ಅದು.

ಅದೇ 1972ರಲ್ಲಿ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸು ರಾಜ್ಯದ ಮುಖ್ಯಮಂತ್ರಿಯಾದರು. ಅವರ ಆಡಳಿತದಲ್ಲೇ, 1976ರಲ್ಲಿ, ಚರ್ಮ ಕುಶಲಕರ್ಮಿಗಳಿಗಾಗಿ ರಾಜ್ಯ ಸರ್ಕಾರದ ಚರ್ಮ ಕೈಗಾರಿಕೆಗಳ ಅಭಿವೃದ್ಧಿ ನಿಗಮ, ಲಿಡ್ಕರ್, ಸ್ಥಾಪನೆಯಾಯಿತು. ಬ್ರಿಟಿಷ್ ಸರ್ಕಾರದ ಚರ್ಮದ ಕಾರ್ಖಾನೆ ಮುಚ್ಚಿ ನೂರು ವರ್ಷ ದಾಟಿದ ಮೇಲೆ, ಆ ತಾಲ್ಲೂಕಿನವರೇ ಒಬ್ಬರು ಈ ಕಸುಬಿನ ಜನರತ್ತ ಸರ್ಕಾರದ ಮುಖ ತಿರುಗಿಸಿದರು. ಹುಣಸೂರಿನ ಹೊಲಗಳಲ್ಲಿ ಅಷ್ಟರಲ್ಲಿ ಹೊಗೆಸೊಪ್ಪು ಬೇರೂರಿತ್ತು, ಊರಿನ ಹೆಸರಿಗೆ ಅದೇ ಅಂಟಿಕೊಂಡಿತು.

ಇನ್ನು ಸಂಗ್ರಹದ ವಿಚಾರ. ಹಳೆಯ ಚರ್ಮ ಕಬ್ಬಿಣದಂತೆ ತಾಳುವುದಿಲ್ಲ. ತೊಗಟೆಯಲ್ಲಿ ಹದವಾದ ಚರ್ಮಕ್ಕೆ ಗಾಳಿಯಲ್ಲಿರುವ ಗಂಧಕದ ಹೊಗೆ ಸೋಕುತ್ತ ಬಂದರೆ ಆಮ್ಲ ಸೇರಿಕೊಂಡು ಅದು ಕೆಂಪುಪುಡಿಯಾಗಿ ಉದುರತೊಡಗುತ್ತದೆ. ಒಮ್ಮೆ ಹಾಗಾದ ಮೇಲೆ ಹಿಂದಕ್ಕೆ ತರುವ ದಾರಿಯಿಲ್ಲ, ತಡೆದು ನಿಲ್ಲಿಸಬಹುದಷ್ಟೆ. ಹಿತ್ತಾಳೆಯ ಮೊಳೆ, ಬಕಲುಗಳ ಸುತ್ತ ಹಸಿರು ಮೇಣದಂಥ ಕಿಲುಬು ಕಟ್ಟಿಕೊಳ್ಳುವುದು ಚರ್ಮದ ಕೊಬ್ಬು ತಾಮ್ರದೊಡನೆ ಬೆರೆಯುವುದರಿಂದ. ಅದನ್ನು ಮರದ ಕಡ್ಡಿಯಿಂದ ಮೆಲ್ಲಗೆ ತೆಗೆಯಬೇಕು. ಹೊಳಪು ಬರಲೆಂದು ಕೊಬ್ಬರಿ ಎಣ್ಣೆಯನ್ನೋ ಬೂಟ್ ಪಾಲಿಶನ್ನೋ ತಿಕ್ಕಬೇಡಿ. ಹುಣಿಸೆಹಣ್ಣು ಹಾಕಿ ಮೊಳೆಗಳನ್ನು ಉಜ್ಜಬೇಡಿ. ಬಿಸಿಲಿಗೆ ಒಡ್ಡಬೇಡಿ, ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಕಟ್ಟಬೇಡಿ. ಹಳೆಯ ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಒಳಗೆ ಬಟ್ಟೆಯ ಉಂಡೆ ತುಂಬಿ ಆಕಾರ ಕೆಡದಂತೆ ಇಡಿ.

ಕಾನೂನಿನ ಭಯದಿಂದಲೂ ಎಷ್ಟೋ ವಸ್ತುಗಳು ತಿಪ್ಪೆ ಸೇರುತ್ತವೆ. ಹಳೆಯ ಬಂದೂಕಿಗೆ ಪರವಾನಗಿಯ ಪ್ರಶ್ನೆ ಇದೆ. ಖಾಲಿ ಚರ್ಮದ ಪಟ್ಟಿಗೆ, ಒರೆ ಚೀಲಕ್ಕೆ ಆಯುಧ ಕಾಯ್ದೆಯ ಪರವಾನಗಿ ಬೇಕಿಲ್ಲ. ಆದರೆ ಹಿಂದಿನ ಸವಾರರು ಜೀನಿನ ಒರೆಗಳ ಮೇಲೆ ಚಿರತೆಯ, ಕರಡಿಯ ಚರ್ಮ ಹೊದಿಸುತ್ತಿದ್ದದ್ದುಂಟು. ಅಂಥದ್ದು ಕಂಡರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ, ಅರಣ್ಯ ಇಲಾಖೆಯನ್ನು ಕೇಳದೆ ಮುಂದುವರಿಯಬಾರದು. ನೂರು ವರ್ಷ ದಾಟಿದ ವಸ್ತುವನ್ನು ಖಾಸಗಿಯಾಗಿ ವಿದೇಶಕ್ಕೆ ಮಾರಲು ಪ್ರಾಚ್ಯವಸ್ತುಗಳ ಕಾಯ್ದೆ ಬಿಡುವುದಿಲ್ಲ, ಬಿಡಬಾರದು ಕೂಡ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಯ ಓದುಗರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಅಟ್ಟದಲ್ಲಿ, ಹಳೆಯ ಪೆಟ್ಟಿಗೆಯಲ್ಲಿ, ತೋಟದ ಮನೆಯ ಗೋಡೆಯ ಗೂಟದಲ್ಲಿ ಹಳೆಯ ಚರ್ಮದ ಪಟ್ಟಿ, ತೋಟಾ ಚೀಲ, ಪಿಸ್ತೂಲಿನ ಒರೆ, ಕುದುರೆ ಸಾಮಾನು ಇದ್ದರೆ ಎಸೆಯುವ ಮುನ್ನ ಒಳಮಗ್ಗುಲನ್ನು ಬೆಳಕಿಗೆ ಹಿಡಿದು ನೋಡಿ. ಅಚ್ಚು, ಅಂಕಿ, ಅಕ್ಷರ ಏನಿದ್ದರೂ ಫೋಟೊ ತೆಗೆಯಿರಿ, ಅದು ಯಾರಿಂದ ಬಂತು ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿ, ಮೈಸೂರಿನಲ್ಲಿರುವ ರಾಜ್ಯ ಪುರಾತತ್ವ ಇಲಾಖೆಗೆ ತಿಳಿಸಿ. ನಿಮ್ಮ ಮನೆತನವೇ ಚರ್ಮದ ಕಸುಬಿನದಾದರೆ ಇನ್ನೂ ದೊಡ್ಡ ಕೆಲಸ ನಿಮ್ಮ ಕೈಯಲ್ಲಿದೆ. ಅಜ್ಜ ಮುತ್ತಜ್ಜರ ಹೆಸರು, ಅವರು ಬಳಸಿದ ರಂಪಿಗೆ, ಉಳಿ, ಅಚ್ಚುಗಳು, ತಂಗಡಿ ತೊಗಟೆ ಎಲ್ಲಿಂದ ತರುತ್ತಿದ್ದರು ಎಂಬ ಮಾತು, ಇವನ್ನು ಬಲ್ಲವರು ಬದುಕಿರುವಾಗಲೇ ದಾಖಲಿಸಿ. ಹುಣಸೂರಿನ ಚರ್ಮದ ಚರಿತ್ರೆಯಲ್ಲಿ ಕ್ಯಾಪ್ಟನ್ ಹಾರ್ವೆಯ ಹೆಸರಿದೆ, ಟ್ರೆವೆಲ್ಯಾನ್ ಹೆಸರಿದೆ. ನಿಮ್ಮವರ ಹೆಸರೂ ಅಲ್ಲಿ ಸೇರಲಿ.